ಪೂಲ್ ಕಾಲವೇ ಚೆನ್ನಾಗಿತ್ತಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಜೆಟ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಅರ್ಥಶಾಸ್ತ್ರದ ವಿಚಾರಗಳು ರಾಜಕೀಯವನ್ನು ನಡೆಸುತ್ತವೋ, ರಾಜಕೀಯವೇ ಆ ವಿಚಾರಗಳನ್ನು ನಡೆಸುತ್ತದೋ? ನಾನು ಕೊಡಗಿನ ಕಾಲೇಜುಗಳಲ್ಲಿ ಇದೇ ಪಾಠ ಮಾಡಿ ನಿವೃತ್ತಳಾದವಳು. ಈಗ ಸುಂಟಿಕೊಪ್ಪದ ಹತ್ತಿರ ಒಂದು ಸಣ್ಣ ರೋಬಸ್ಟಾ ಕಾಫಿ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ಉತ್ತರಗಳಲ್ಲಿ ಲಂಡನ್, ಪ್ಯಾರಿಸ್ ಬಂದಷ್ಟೇ ಕಾಫಿ ಕಣವೂ ಬರುತ್ತದೆ.

ಪ್ರಶ್ನೆ: ಕಾಫಿ ಬೋರ್ಡಿನ ಪೂಲ್ ಕಾಲವೇ ಚೆನ್ನಾಗಿತ್ತು, ಸರ್ಕಾರ ನಮ್ಮ ಬೆನ್ನಿಗಿತ್ತು ಎಂದು ನಮ್ಮ ಅಪ್ಪ ಹೇಳುತ್ತಾರೆ. ಮುಕ್ತ ಮಾರುಕಟ್ಟೆ ಬಂದ ಮೇಲೆಯೇ ಬೆಳೆಗಾರ ಕಣ್ಣು ಬಿಟ್ಟ ಎಂದು ನನ್ನ ವಾದ. ಅರ್ಥಶಾಸ್ತ್ರದ ಪ್ರಕಾರ ಯಾರು ಸರಿ?
ಬೆಳೆಗಾರರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಪೂಲ್ ಎಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಸರ್ಕಾರದ ಕಾಫಿ ಬೋರ್ಡೇ ಮಾರುತ್ತಿದ್ದ ಏರ್ಪಾಡು. ಈ ವಾದ ಕೊಡಗಿನ ಎಷ್ಟೋ ಮನೆಗಳಲ್ಲಿ ನಡೆದಿದೆ. ನಮ್ಮ ಮನೆಯಲ್ಲೂ ನಡೆದಿತ್ತು. ಮಾವನವರು ಪೂಲ್ ಪರ, ನಮ್ಮ ಯಜಮಾನರು ಮಾರುಕಟ್ಟೆ ಪರ. ಇಬ್ಬರೂ ತಮ್ಮ ಕೈಗೆ ಬಂದ ಬೆಲೆ ನೋಡಿ ಮಾತಾಡುತ್ತಿದ್ದರು. ಬೆಲೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪೂಲ್ ಹುಟ್ಟಿದ್ದು ಹೇಗೆ, ಹೋಗಿದ್ದು ಹೇಗೆ ಎಂದು ಮೊದಲು ನೋಡೋಣ.

ಪೂಲ್ ತಂದವರು ಸಮಾಜವಾದಿಗಳಲ್ಲ. ಅದು ಬ್ರಿಟಿಷ್ ಸರ್ಕಾರದ ಕೆಲಸ. ಎರಡನೇ ಮಹಾಯುದ್ಧ ಶುರುವಾದ ಮೇಲೆ ನಮ್ಮ ಕಾಫಿ ಕೊಳ್ಳುತ್ತಿದ್ದ ಯುರೋಪಿನ ಮಾರುಕಟ್ಟೆಗಳು ಮುಚ್ಚಿಹೋದವು. ಬೆಲೆ ಕುಸಿಯಿತು. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಕಾಯ್ದೆಯಾಯಿತು. ಮನೆ ಬಳಕೆಗೆ, ಬಿತ್ತನೆಗೆ ಬೇಕಾದಷ್ಟು ಬಿಟ್ಟು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಪೂಲ್‌ಗೆ ಒಪ್ಪಿಸಬೇಕಿತ್ತು. ಮಾರಾಟ ಬೋರ್ಡಿನ ಕೈಯಲ್ಲಿ. ಕಾಫಿಯ ದರ್ಜೆ ನೋಡಿ ಪಾಯಿಂಟ್ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕದ ಮೇಲೆ ಹಣ ಕಂತು ಕಂತಾಗಿ ಬರುತ್ತಿತ್ತು.

ಇದೇ ಬ್ರಿಟಿಷ್ ಆಡಳಿತ 1876–78ರ ಬರಗಾಲದಲ್ಲಿ ಏನು ಮಾಡಿತ್ತು ನೋಡಿ. ಧಾನ್ಯದ ವ್ಯಾಪಾರಕ್ಕೆ ಸರ್ಕಾರ ಕೈ ಹಾಕಲೇಬಾರದು ಎಂದು ವೈಸ್‌ರಾಯ್ ಲಿಟ್ಟನ್ ಹಟ ಹಿಡಿದ. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಧಾನ್ಯದ ವ್ಯಾಪಾರದ ಬಗ್ಗೆ ಬರೆದಿದ್ದ ಮಾತುಗಳನ್ನು ಅಧಿಕಾರಿಗಳು ಶಾಸನದಂತೆ ಹಿಡಿದುಕೊಂಡರು. ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆ ನಾನು ತರಗತಿಯಲ್ಲಿ ಎಂದೂ ಬಿಡುತ್ತಿರಲಿಲ್ಲ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಆತ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ. ಖರ್ಚು ವಿಪರೀತವಾಯಿತು ಎಂದು ಬೈಸಿಕೊಂಡ. 1877ರಲ್ಲಿ ದಕ್ಷಿಣಕ್ಕೆ ಬಂದಾಗ ಅದೇ ಮನುಷ್ಯ, ಬರ ಪರಿಹಾರದ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಎಂದ. ಅಂದರೆ ಸುಮಾರು 450 ಗ್ರಾಂ. ಅಷ್ಟು ತಿಂದು ದಿನವಿಡೀ ಕಲ್ಲು ಹೊರಬೇಕು. ಪಕ್ಕದ ಮೈಸೂರು ಸಂಸ್ಥಾನ ಆ ಬರದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಜನರನ್ನು ಕಳೆದುಕೊಂಡಿತು.

ಹಾಗಾದರೆ 1940ರಲ್ಲಿ ಅದೇ ಸಾಮ್ರಾಜ್ಯ ಕಾಫಿಯ ಮಾರಾಟವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿದ್ದು ಏಕೆ? ಆಡಂ ಸ್ಮಿತ್ ಬರೆದ ಪುಸ್ತಕ ಬದಲಾಗಿರಲಿಲ್ಲ. ಕಷ್ಟಕ್ಕೆ ಸಿಕ್ಕವರು ಬೇರೆಯಾಗಿದ್ದರು. ಕಾಫಿ ತೋಟಗಾರರಲ್ಲಿ ಯುರೋಪಿಯನ್ನರು ಬಹಳ ಇದ್ದರು. 1893ರಿಂದಲೇ ಅವರ ಸಂಘ ‘ಉಪಾಸಿ’ ಇತ್ತು. ದೆಹಲಿಯಲ್ಲಿ ಅವರ ಮಾತಿಗೆ ಬೆಲೆ ಇತ್ತು. 1877ರ ಹಸಿದ ಕೂಲಿಯವನಿಗೆ ಇದ್ಯಾವುದೂ ಇರಲಿಲ್ಲ. ಯಾವುದೇ ಆರ್ಥಿಕ ಸಿದ್ಧಾಂತದ ಬಗ್ಗೆ ಓದುವಾಗ ಅದು ಸರಿಯೋ ತಪ್ಪೋ ಎಂದು ಕೇಳುವುದರ ಜೊತೆಗೆ ಅದು ಯಾರ ಕೈಯಲ್ಲಿದೆ ಎಂದೂ ಕೇಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸ್ವಾತಂತ್ರ್ಯ ಬಂತು. ಪೂಲ್ ಹೋಗಲಿಲ್ಲ, ಅದಕ್ಕೆ ಕೊಡುವ ಕಾರಣ ಮಾತ್ರ ಬದಲಾಯಿತು. ಆಗ ದೇಶಕ್ಕೆಲ್ಲ ಯೋಜನೆಯ ಹುಮ್ಮಸ್ಸು. ನಮ್ಮ ವಿಶ್ವೇಶ್ವರಯ್ಯನವರು 1934ರಲ್ಲೇ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದಿದ್ದರು. 1944ರಲ್ಲಿ ಟಾಟಾ, ಬಿರ್ಲಾ ಮೊದಲಾದ ಉದ್ಯಮಿಗಳೇ ‘ಬಾಂಬೆ ಯೋಜನೆ’ ತಂದು, ಸರ್ಕಾರ ಮುಂದೆ ನಿಂತು ಕೈಗಾರಿಕೆ ಬೆಳೆಸಬೇಕು ಎಂದಿದ್ದರು. ಎದುರು ಮಾತಾಡಿದವರು ಕಡಿಮೆ. ಕರಾವಳಿ ಮೂಲದ ಬಿ.ಆರ್. ಶೆಣೈ ಎಂಬ ಅರ್ಥಶಾಸ್ತ್ರಜ್ಞರು 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಬಗ್ಗೆ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಅದನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1991ರಲ್ಲಿ ಸರ್ಕಾರದ ಹಿಡಿತ ಸಡಿಲವಾದ ನಂತರ ಅವರನ್ನು ಎಲ್ಲರೂ ನೆನೆಸಿಕೊಂಡರು.

ಪೂಲ್ ಅಷ್ಟು ವರ್ಷ ನಿಲ್ಲಲು ಹೊರಗಿನ ಎರಡು ಆಸರೆಗಳಿದ್ದವು. ಈ ಭಾಗವನ್ನು ನಿಮ್ಮ ತಂದೆಯವರಿಗೂ ಓದಿ ಹೇಳಿ.

ಒಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಕೋಟಾ ಕಟ್ಟಿ ಬೆಲೆ ಬೀಳದಂತೆ ನೋಡಿಕೊಳ್ಳುವ ಏರ್ಪಾಡು ಅದು. ಕಾಫಿ ಕೊಳ್ಳುವ ಅಮೆರಿಕವೂ ಇದಕ್ಕೆ ಸಹಿ ಹಾಕಿತು. ಮುಕ್ತ ಮಾರುಕಟ್ಟೆಯ ದೇಶ ಜಾಸ್ತಿ ಬೆಲೆ ಕೊಡಲು ತಾನಾಗಿ ಒಪ್ಪಿತು ಎಂದರೆ ಕಾರಣ ಇರಲೇಬೇಕು ಅಲ್ವಾ? 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಆಗಿತ್ತು. ಕಾಫಿ ಬೆಲೆ ಬಿದ್ದರೆ ಬ್ರೆಜಿಲ್, ಕೊಲಂಬಿಯಾದ ರೈತರೂ ಕಮ್ಯುನಿಸ್ಟರ ಕಡೆ ಹೋಗುತ್ತಾರೆ ಎಂಬ ಭಯ ವಾಷಿಂಗ್ಟನ್ನಿಗೆ ಇತ್ತು. ಆ ಭಯದ ಲಾಭ ನಮ್ಮ ಸಿದ್ದಾಪುರ, ಪಾಲಿಬೆಟ್ಟದ ತೋಟಗಳಿಗೂ ಸಿಕ್ಕಿತು.

ಇನ್ನೊಂದು, ಸೋವಿಯತ್ ಒಕ್ಕೂಟ. ಡಾಲರ್ ಇಲ್ಲದೆ ರೂಪಾಯಿ ಲೆಕ್ಕದಲ್ಲೇ ಅವರು ನಮ್ಮ ಕಾಫಿ ಕೊಳ್ಳುತ್ತಿದ್ದರು.

1989ರ ಜುಲೈನಲ್ಲಿ ಕೋಟಾ ಪದ್ಧತಿ ಮುರಿದುಬಿತ್ತು. ಆ ವರ್ಷವೇ ಬರ್ಲಿನ್ ಗೋಡೆಯೂ ಬಿತ್ತು. ಕಮ್ಯುನಿಸಂ ಭಯ ಹೋದ ಮೇಲೆ ಅಮೆರಿಕಕ್ಕೆ ಕೋಟಾ ಏಕೆ ಬೇಕು? 1991ರಲ್ಲಿ ಸೋವಿಯತ್ ಒಕ್ಕೂಟವೂ ಇಲ್ಲವಾಯಿತು. ಅದೇ ವರ್ಷ ನಮ್ಮ ಖಜಾನೆಯಲ್ಲಿ ವಿದೇಶಿ ಹಣ ಬರಿದಾಗಿ, ಚಿನ್ನ ಅಡವಿಟ್ಟು, ಜುಲೈ 24ರಂದು ಮನಮೋಹನ್ ಸಿಂಗ್ ಅವರು ಮಾರುಕಟ್ಟೆಗೆ ಬಾಗಿಲು ತೆರೆದ ಬಜೆಟ್ ಮಂಡಿಸಿದರು. 1992ರಲ್ಲಿ ಬೆಳೆಯ ಶೇಕಡ 30ರಷ್ಟನ್ನು ದೇಶದೊಳಗೆ ತಾವೇ ಮಾರಲು ಬೆಳೆಗಾರರಿಗೆ ಅವಕಾಶ ಸಿಕ್ಕಿತು. ಆ ಪಾಲು ಹೆಚ್ಚುತ್ತ ಹೋಯಿತು. 1996ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ನೂರಕ್ಕೆ ನೂರು ಬಿಡುಗಡೆ.

ಈಗ ಬೆಲೆಗೆ ಬರೋಣ. 1994ರಲ್ಲಿ ಬ್ರೆಜಿಲಿನಲ್ಲಿ ಎರಡು ಸಲ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ಜಗತ್ತಿನ ಬೆಲೆ ಜಿಗಿಯಿತು. ನಮಗೆ ಸ್ವಂತ ಮಾರಾಟದ ಹಕ್ಕು ಸಿಕ್ಕಿದ್ದೂ ಆಗಲೇ. ಮಡಿಕೇರಿ ರಸ್ತೆಯಲ್ಲಿ ಹೊಸ ಜೀಪುಗಳು ಓಡಾಡಿದವು, ಹಳೆಯ ಮನೆಗಳ ಹೆಂಚು ಹೋಗಿ ತಾರಸಿ ಬಂತು. ಎಲ್ಲರೂ ಮಾರುಕಟ್ಟೆಯನ್ನು ಹೊಗಳಿದರು. 2000ದ ಹೊತ್ತಿಗೆ ವಿಯೆಟ್ನಾಂನ ರೋಬಸ್ಟಾ ಜಗತ್ತನ್ನೇ ತುಂಬಿತು. 2001–02ರಲ್ಲಿ ಬೆಲೆ ಪಾತಾಳಕ್ಕೆ ಹೋಯಿತು. ಎಲ್ಲರೂ ಮಾರುಕಟ್ಟೆಯನ್ನು ಬೈದರು. ಆ ವಿಯೆಟ್ನಾಂ ಕಾಫಿಯ ಹಿಂದೆಯೂ ರಾಜಕೀಯ ಇದೆ. ಅಲ್ಲಿನ ಕಮ್ಯುನಿಸ್ಟ್ ಪಕ್ಷವೇ 1986ರಲ್ಲಿ ತನ್ನ ನೀತಿ ಬದಲಿಸಿ ರೈತರಿಗೆ ಮಾರುಕಟ್ಟೆಯ ಬಾಗಿಲು ತೆರೆದಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಕಡ್ಡಾಯದ ಪೂಲ್ ಮತ್ತೆ ಬರಬಾರದು. ಬೆಳೆದವನಿಗೆ ತನ್ನ ಬೆಳೆಯ ಮೇಲೆ ಮಾತು ಇರಬೇಕು. ಅಷ್ಟರಮಟ್ಟಿಗೆ ನೀವು ಸರಿ. ಆದರೆ ಪೂಲ್ ತೆಗೆದವರು ಅದರ ಜೊತೆಗೆ ಇನ್ನೊಂದನ್ನೂ ತೆಗೆದರು. ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡು ಅದು. ದೊಡ್ಡ ಎಸ್ಟೇಟಿನವರು ಬೆಲೆ ಏರುವವರೆಗೆ ಮೂಟೆ ಇಟ್ಟುಕೊಂಡು ಕಾಯಬಲ್ಲರು. ಮೂರು ಎಕರೆಯವರು ಮಗಳ ಫೀಸು ಕಟ್ಟಲು ಕಣದಲ್ಲೇ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಬೇಕು. ಬೆಲೆ ಸ್ಥಿರೀಕರಣ ನಿಧಿ ಬಂದಿದ್ದು 2003ರಲ್ಲಿ, ಬೆಲೆ ಬಿದ್ದು ಜನ ಸೋತ ಮೇಲೆ. ಅದು 1996ರಲ್ಲೇ, ಕೈಯಲ್ಲಿ ಹಣವಿದ್ದಾಗ ಬರಬೇಕಿತ್ತು. ನಿಮ್ಮ ತಂದೆಯವರು ನೆನೆಯುತ್ತಿರುವುದು ಆ ಆಸರೆಯನ್ನು. ಅವರೂ ಸರಿ.

ಪ್ರಶ್ನೆ: ಕೇನ್ಸ್ ಭಾರತಕ್ಕೆ ಬಂದಿದ್ದರಾ?
ಪಿಯುಸಿ ವಿದ್ಯಾರ್ಥಿ, ಕುಶಾಲನಗರ

ಉತ್ತರ: ಇಲ್ಲ, ಬ್ರಿಟನ್ನಿನ ಈ ಅರ್ಥಶಾಸ್ತ್ರಜ್ಞರು ಬರಲಿಲ್ಲ. ಆದರೆ ಅವರ ಮೊದಲ ನೌಕರಿ ಭಾರತದ ಹೆಸರಿನಲ್ಲೇ ಇತ್ತು. 1906ರಿಂದ 1908ರವರೆಗೆ ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು, ಸ್ಕಾಟ್ಲೆಂಡಿನ ಏರ್‌ಶೈರ್ ತಳಿಯ ಹೋರಿಗಳನ್ನು ಹಡಗಿನಲ್ಲಿ ಬೊಂಬಾಯಿಗೆ ಕಳಿಸುವುದು. ಅವರ ಮೊದಲ ಪುಸ್ತಕವೂ ಭಾರತದ ನಾಣ್ಯ ವ್ಯವಸ್ಥೆಯ ಬಗ್ಗೆ, 1913ರಲ್ಲಿ. ಅದನ್ನು ಓದುವಾಗ 1923ರ ಅಂಬೇಡ್ಕರ್ ಅವರ ರೂಪಾಯಿ ಕುರಿತ ಪುಸ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಅಂಬೇಡ್ಕರ್ ಅಲ್ಲಿ ಕೇನ್ಸ್ ಮಾತನ್ನು ಒಪ್ಪುವುದಿಲ್ಲ. ರೂಪಾಯಿಯ ಬೆಲೆ ಏರಿಳಿದರೆ ಬಡವನ ಕೂಲಿಗೆ ಏನಾಗುತ್ತದೆ ಎಂಬ ಕಾಳಜಿ ಆ ವಾದದಲ್ಲಿದೆ.

ಪ್ರಶ್ನೆ: ಕೊಡಗನ್ನು ಆಳಿದ ಹಾಲೇರಿ ರಾಜರ ಕಾಲದ ಕಂದಾಯ ನ್ಯಾಯವಾಗಿತ್ತು, ಬ್ರಿಟಿಷರು ಬಂದು ಕೆಡಿಸಿದರು ಎಂದು ಕೇಳಿದ್ದೇನೆ. ನಿಜವೇ?
ಶಿಕ್ಷಕಿ, ಮಡಿಕೇರಿ

ಉತ್ತರ: ರಾಜರ ಕಂದಾಯ ಎಲ್ಲರಿಗೂ ನ್ಯಾಯವಾಗಿತ್ತು ಎಂದು ನಾನು ಹೇಳಲಾರೆ. ರಾಜನಿಗೆ ಬೇಕಾಗಿದ್ದುದು ಕರೆದಾಗ ಬರುವ ಸೈನ್ಯ. ಆ ಸೇವೆಗೆ ಪ್ರತಿಯಾಗಿ ಕೊಟ್ಟದ್ದು ಜಮ್ಮಾ ಜಮೀನು. ಅದರ ಕಂದಾಯ ಸಾಮಾನ್ಯ ಸಾಗು ಜಮೀನಿನ ಕಂದಾಯದ ಅರ್ಧ. ಸೊಪ್ಪು, ಸೌದೆ, ದನದ ಮೇವಿಗೆ ಗದ್ದೆಯ ಜೊತೆ ಬಾಣೆ ಎಂಬ ಮರಗಿಡದ ಜಾಗ. 1812ರಲ್ಲಿ ಲಿಂಗರಾಜ ಮಾಡಿಸಿದ ಜಮೀನಿನ ಲೆಕ್ಕ, ಹಿರಿಯರು ‘ಲಿಂಗರಾಜನ ಶಿಸ್ತು’ ಎನ್ನುವುದು, ಇದನ್ನೆಲ್ಲ ಬರೆದಿಟ್ಟಿತು. ಗದ್ದೆಯಲ್ಲಿ ಮಂಡಿಯುದ್ದ ಕೆಸರಲ್ಲಿ ನಿಂತವರಿಗೆ ಆ ರಿಯಾಯಿತಿ ಇರಲಿಲ್ಲ.

1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. ಆಗ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ ಒಂದು ಸಿದ್ಧಾಂತ ಸಿದ್ಧವಾಗಿತ್ತು. ಭಾರತಕ್ಕೆ ಬರುವ ಅಧಿಕಾರಿಗಳು ಲಂಡನ್ ಹತ್ತಿರದ ಹೈಲಿಬರಿ ಕಾಲೇಜಿನಲ್ಲಿ ಓದುತ್ತಿದ್ದರು. ಅಲ್ಲಿ ಪಾಠ ಮಾಡುತ್ತಿದ್ದವರು ಮಾಲ್ಥಸ್, ಜನಸಂಖ್ಯೆಯ ಸಿದ್ಧಾಂತದವರೇ. ಕಂಪನಿಯ ಕಚೇರಿಯಲ್ಲಿ ಜೇಮ್ಸ್ ಮಿಲ್ ಇದ್ದರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ರಿಕಾರ್ಡೋ 1817ರಲ್ಲಿ ಬರೆದ ಗೇಣಿ ಸಿದ್ಧಾಂತ ಇವರಿಗೆಲ್ಲ ಬೈಬಲ್ ಇದ್ದಂತೆ. ಕೃಷಿಯ ಖರ್ಚು ಕಳೆದು ಒಳ್ಳೆಯ ಮಣ್ಣು ಕೊಡುವ ಹೆಚ್ಚುವರಿಯನ್ನು ಸರ್ಕಾರ ತೆಗೆದುಕೊಂಡರೆ ಯಾರಿಗೂ ನೋವಾಗದು ಎಂಬುದು ಮಿಲ್ ವಾದ.

ಕಾಗದದ ಮೇಲೆ ಇದು ಸುಂದರ. ಹೈಲಿಬರಿಯಲ್ಲಿ ಕಲಿತ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಯಲ್ಲಿ ಪುಣೆ ಸೀಮೆಯಲ್ಲಿ ಹೊಲ ಹೊಲಕ್ಕೂ ಹೀಗೆ ಲೆಕ್ಕ ಹಾಕಿದ. ಇಳುವರಿಯ ಅಂದಾಜು ತಪ್ಪಾಯಿತು, ತೆರಿಗೆ ಭಾರವಾಯಿತು, ಕೆಳಗಿನ ನೌಕರರು ಲಂಚ ತಿಂದರು. ಇಂದಾಪುರ ತಾಲ್ಲೂಕಿನ ರೈತರು ಹೊಲ ಬಿಟ್ಟು ಪಕ್ಕದ ಸೀಮೆಗಳಿಗೆ ಓಡಿದರು. 1830ರ ದಶಕದಲ್ಲಿ ಅದನ್ನು ಕೈಬಿಟ್ಟು ಬೇರೆ ಸರ್ವೆ ಮಾಡಬೇಕಾಯಿತು.

ಕೊಡಗಿಗೆ ಮಾತ್ರ ಆ ಸಿದ್ಧಾಂತ ಬರಲಿಲ್ಲ. ಜಮ್ಮಾವನ್ನು ಬ್ರಿಟಿಷರು ಹಾಗೆಯೇ ಉಳಿಸಿಕೊಂಡರು. ಈ ಗುಡ್ಡಗಾಡಿನಲ್ಲಿ ಅವರಿಗೆ ಬೇಕಾಗಿದ್ದುದು ನಿಷ್ಠೆ. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿ ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದರು. ಆ ವರ್ಷಗಳಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ದವಸದ ಬೆಲೆಯೇ ಬಿದ್ದುಹೋಗಿತ್ತು. ಕೊಯ್ಲಾದ ಕೂಡಲೇ ಸಿಕ್ಕ ಬೆಲೆಗೆ ಭತ್ತ ಮಾರಿ ಸರ್ಕಾರಕ್ಕೆ ಬೆಳ್ಳಿ ಎಣಿಸಬೇಕು. 1837ರಲ್ಲಿ ರೈತರು ದಂಗೆ ಎದ್ದು ಮಂಗಳೂರಿನವರೆಗೂ ಹೋಗಿದ್ದಕ್ಕೆ ಇದೊಂದು ದೊಡ್ಡ ಕಾರಣ. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಮಕ್ಕಳಿಗೆ ಅವರ ಪ್ರತಿಮೆ ತೋರಿಸುವಾಗ ಈ ನಗದು ಕಂದಾಯದ ಕಥೆಯನ್ನೂ ದಯವಿಟ್ಟು ಹೇಳಿ. ಒಂದೇ ಕಂಪನಿ, ಘಟ್ಟದ ಮೇಲೊಂದು ನೀತಿ, ಕೆಳಗೊಂದು ನೀತಿ.

ಪ್ರಶ್ನೆ: ಅರ್ಥಶಾಸ್ತ್ರ ತಿಳಿದವರೇ ರಾಜಕೀಯಕ್ಕೆ ಬಂದರೆ ದೇಶ ಉದ್ಧಾರ ಆಗುವುದಿಲ್ಲವೇ?
ವ್ಯಾಪಾರಿಯೊಬ್ಬರು, ಗೋಣಿಕೊಪ್ಪ

ಉತ್ತರ: ಬಂದಿದ್ದಾರೆ. ಫಲ ಬೇರೆ ಬೇರೆ. ಫ್ರಾನ್ಸಿನ ಟರ್ಗೋ 1774ರಲ್ಲಿ ಹಣಕಾಸು ಮಂತ್ರಿಯಾಗಿ ಧಾನ್ಯದ ವ್ಯಾಪಾರವನ್ನು ಮುಕ್ತ ಮಾಡಿದ. ಫಸಲು ಕೈಕೊಟ್ಟಿತ್ತು, ಬ್ರೆಡ್ ಬೆಲೆ ಏರಿತು, 1775ರಲ್ಲಿ ಊರೂರಲ್ಲಿ ಗಲಭೆ. ಮರುವರ್ಷ ರಾಜ ಅವನನ್ನು ಮನೆಗೆ ಕಳಿಸಿದ. ಆಸ್ಟ್ರಿಯಾದ ಶುಂಪೀಟರ್ 1919ರಲ್ಲಿ ಹಣಕಾಸು ಮಂತ್ರಿಯಾದರು, ಕೆಲವೇ ತಿಂಗಳಲ್ಲಿ ಹೊರಬಿದ್ದರು. ನಮ್ಮ ದಾದಾಭಾಯಿ ನವರೋಜಿ 1892ರಲ್ಲಿ ಲಂಡನ್ನಿನಿಂದಲೇ ಗೆದ್ದು, ಭಾರತದ ಸಂಪತ್ತು ಹೇಗೆ ಸೋರಿಹೋಗುತ್ತಿದೆ ಎಂದು ಅವರ ಪಾರ್ಲಿಮೆಂಟಿನಲ್ಲೇ ಲೆಕ್ಕ ಕೊಟ್ಟರು. ವಿ.ಕೆ.ಆರ್.ವಿ. ರಾವ್ ಅವರನ್ನು ಬಳ್ಳಾರಿಯ ಜನ ಲೋಕಸಭೆಗೆ ಕಳಿಸಿದರು. ಮನಮೋಹನ್ ಸಿಂಗ್ 1999ರಲ್ಲಿ ದಕ್ಷಿಣ ದೆಹಲಿಯಲ್ಲಿ ನಿಂತು ಸೋತರು. ಅವರನ್ನು ಗೆಲ್ಲಿಸಲು 1991ರ ಬಜೆಟ್ ಒಂದೇ ಸಾಲಲಿಲ್ಲ.

ನನಗೆ ಇವರಲ್ಲೆಲ್ಲ ಹೆಚ್ಚು ಗೌರವ ರಿಕಾರ್ಡೋ ಮೇಲೆ. 1819ರಲ್ಲಿ ಹಣ ಕೊಟ್ಟು ಬ್ರಿಟಿಷ್ ಪಾರ್ಲಿಮೆಂಟಿನ ಒಂದು ಕ್ಷೇತ್ರ ಪಡೆದ ಮನುಷ್ಯ, ಆ ಕಾಲದಲ್ಲಿ ಅದು ನಡೆಯುತ್ತಿತ್ತು. ಆ ಹೊತ್ತಿಗೆ ಮೊದಲೇ ಆತ ದೊಡ್ಡ ಜಮೀನುದಾರನೂ ಆಗಿದ್ದ. ಆದರೂ ಸಭೆಯಲ್ಲಿ ನಿಂತು, ಹೊರದೇಶದ ಗೋಧಿಯನ್ನು ತಡೆದು ಜಮೀನುದಾರರಿಗೆ ಲಾಭ ಮಾಡುವ ಕಾನೂನನ್ನೇ ವಿರೋಧಿಸಿದ. ಆತ ಸತ್ತು 23 ವರ್ಷದ ನಂತರ, 1846ರಲ್ಲಿ ಆ ಕಾನೂನು ಹೋಯಿತು. ಎಲ್ಲರೂ ತಮ್ಮ ಜೇಬಿನ ಪರವಾಗಿಯೇ ಯೋಚಿಸುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಇಂಥವರಿಂದಾಗಿ.

ಪ್ರಶ್ನೆ: ಮೇಡಂ, ನಾನು ಬಿಎ ಎರಡನೇ ವರ್ಷ. ನಮ್ಮದು ತೋಟದ ಮಾಲೀಕರು ಕೂಲಿಯವರಿಗೆ ಕಟ್ಟಿಸಿದ ಲೈನ್ ಮನೆ. ಅಮ್ಮ, ಅಜ್ಜಿ ಇಬ್ಬರೂ ತೋಟದ ಕೆಲಸದವರು. ಉಳುವವನಿಗೇ ಭೂಮಿ ಬಂದಾಗ ನಮಗೇಕೆ ಬರಲಿಲ್ಲ? ನಮ್ಮಂಥವರು ಅರ್ಥಶಾಸ್ತ್ರದಲ್ಲಿ ಎಲ್ಲಿದ್ದಾರೆ?
ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಮಗಳೇ, ಈ ತಿಂಗಳ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ನಿನ್ನದನ್ನೇ.

ಮೊದಲು ಭೂಮಿ. ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವರು ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ಹೋಗಿ ಗದ್ದೆ ಪಡೆದರು. ದೊಡ್ಡ ಕೆಲಸ ಅದು. ಆದರೆ ಕಾನೂನಿನ 104ನೇ ಸೆಕ್ಷನ್ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳನ್ನು ಹೊರಗಿಟ್ಟಿತು. ತೋಟ ಒಡೆದರೆ ರಫ್ತು ಬೀಳುತ್ತದೆ, ವಿದೇಶಿ ಹಣ ಬರುವುದಿಲ್ಲ ಎಂಬ ಆರ್ಥಿಕ ಕಾರಣ ಅದಕ್ಕೆ. ಆ ಕಾರಣದಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಗೇಣಿದಾರನಿಗೆ ವಿಧಾನಸಭೆಯಲ್ಲಿ ಬಲ ಇತ್ತು, ತೋಟದ ಮಾಲೀಕನಿಗೂ ಇತ್ತು. ಲೈನ್ ಮನೆಯಲ್ಲಿದ್ದವರಿಗೆ ಇರಲಿಲ್ಲ. ನಿಮ್ಮವರು ಗೇಣಿದಾರರಲ್ಲ, ಕೂಲಿಯವರು. ಆ ಕಾನೂನು ಕೂಲಿಯವರನ್ನು ನೋಡಲೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಕೂಲಿಯನ್ನು ಬೇಡಿಕೆ, ಪೂರೈಕೆ ತೀರ್ಮಾನಿಸಲಿ ಎಂಬುದು ಆಗಿನ ಅರ್ಥಶಾಸ್ತ್ರ. ಗುಲಾಮಗಿರಿಯನ್ನು ಕಾನೂನು 1843ರಲ್ಲೇ ಕೈಬಿಟ್ಟಿತ್ತು. ಆದರೆ 1859ರ 13ನೇ ಕಾಯ್ದೆ ಏನು ಹೇಳಿತು ಗೊತ್ತಾ? ಮುಂಗಡ ಪಡೆದು ಕೆಲಸಕ್ಕೆ ಬಾರದ ಕೂಲಿಯವನನ್ನು ಜೈಲಿಗೆ ಹಾಕಬಹುದು. ಮಾಲೀಕ ಮಾತು ತಪ್ಪಿದರೆ ಈ ಶಿಕ್ಷೆ ಇಲ್ಲ. 1920ರ ದಶಕದವರೆಗೂ ಆ ಕಾಯ್ದೆ ಇತ್ತು. ಆಡಂ ಸ್ಮಿತ್ ಮಾಲೀಕರ ಬಗ್ಗೆ ಏನು ಬರೆದಿದ್ದ ಎಂದು ಆ ತೋಟಗಾರರು ಓದಿದ್ದರೋ ಇಲ್ಲವೋ. ಕೂಲಿ ಏರದಂತೆ ಮಾಲೀಕರು ಎಲ್ಲ ಕಡೆ, ಎಲ್ಲ ಕಾಲದಲ್ಲಿ ಸದ್ದಿಲ್ಲದೆ ಒಂದಾಗಿರುತ್ತಾರೆ, ಕೂಲಿಯವರು ಒಂದಾದರೆ ಮಾತ್ರ ಕಾನೂನು ಅಡ್ಡ ಬರುತ್ತದೆ ಎಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. 1877ರ ಅಧಿಕಾರಿಗಳು ಧಾನ್ಯದ ವ್ಯಾಪಾರದ ಪುಟ ತೆರೆದರು, ಈ ಪುಟ ಯಾರೂ ತೆರೆಯಲಿಲ್ಲ. ನಿನ್ನಂಥವರು ಅರ್ಥಶಾಸ್ತ್ರದಲ್ಲಿ ಇದ್ದಾರೆ. ಆ ಪುಟಗಳನ್ನು ಪಾಠದಲ್ಲಿ ಬಿಟ್ಟಿದ್ದಾರೆ, ಅಷ್ಟೇ.

1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟದ ಮಾಲೀಕರು ಮನೆ, ಆಸ್ಪತ್ರೆ ವ್ಯವಸ್ಥೆ ಮಾಡಬೇಕು ಎಂದಿತು. ಒಳ್ಳೆಯದೇ. ಆದರೆ ಮನೆ ಕೆಲಸಕ್ಕೆ ಅಂಟಿಕೊಂಡಿತು. ಕೆಲಸ ಬಿಟ್ಟರೆ ಸೂರು ಇಲ್ಲ. ಹೀಗಿರುವಾಗ ಹೆಚ್ಚು ಕೂಲಿ ಕೇಳುವ ಧೈರ್ಯ ಯಾರಿಗೆ ಬರುತ್ತದೆ? ನಿಮ್ಮೂರಿನ ಹತ್ತಿರದ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಕುಟುಂಬಗಳಲ್ಲಿ ಲೈನ್ ಮನೆ ಬಿಟ್ಟು ಬಂದವರು ಎಷ್ಟೋ ಮಂದಿ. ಅವರು ಕೇಳಿದ್ದೂ ಸ್ವಂತ ಸೂರು.

ನಿನ್ನ ಮೂರನೇ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೋ. ಅಜ್ಜಿಯ ಕಾಲದಲ್ಲಿ ಮುಂಗಡ ಯಾರು ಕೊಡುತ್ತಿದ್ದರು, ಹೇಗೆ ತೀರಿಸುತ್ತಿದ್ದರು, ತೀರದಿದ್ದರೆ ಏನಾಗುತ್ತಿತ್ತು ಎಂದು ಕೇಳಿ ಬರೆದುಕೋ. ಹಣ್ಣು ಕೊಯ್ಯುವ ಕೂಲಿ ದಿನದ ಲೆಕ್ಕದಿಂದ ಕೆಜಿ ಲೆಕ್ಕಕ್ಕೆ ಯಾವಾಗ ಬಂತು ಎಂದು ಅಮ್ಮನನ್ನು ಕೇಳು. ಅಂಬೇಡ್ಕರ್ 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಏನೇನು ಮಾಡಿದರು ಎಂಬುದನ್ನು ಜೊತೆಗೆ ಓದು. ಬರೆದಿದ್ದನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳಿಸು. ನಾನು ಓದಿ ತಿದ್ದಿ ಕೊಡುತ್ತೇನೆ. ನೀನು ಒಪ್ಪಿದರೆ ಅದನ್ನು ಈ ಪುಟದಲ್ಲೇ ಪ್ರಕಟಿಸಲು ಸಂಪಾದಕರನ್ನು ಕೇಳುತ್ತೇನೆ.